ಸಂದರ್ಶನಕ್ಕೆ ಹೋದ ಐದು ತೆಂಗಿನಕಾಯಿ

ನನ್ನ ಮಗಳು ರತ್ನ ಅಸಾಧಾರಣ ಪ್ರತಿಭಾವಂತೆ ಎಂಬ ವಿಷಯದಲ್ಲಿ ನನಗೆ ಎಂದೂ ಅನುಮಾನವಿರಲಿಲ್ಲ. ಅನುಮಾನವಿದ್ದದ್ದು ಸರ್ಕಾರಕ್ಕೆ ಮಾತ್ರ. ಅದನ್ನು ನಿವಾರಿಸುವ ಜವಾಬ್ದಾರಿಯನ್ನು ನಾನು ತಲೆಯ ಮೇಲೆ ಹೊತ್ತುಕೊಂಡೆ. ಈಗ ಸರ್ಕಾರದ ಅನುಮಾನ ಪೂರ್ತಿ ನಿವಾರಣೆಯಾಗಿದೆ, ಆದರೆ ನಾನು ಅಂದುಕೊಂಡ ದಿಕ್ಕಿನಲ್ಲಲ್ಲ!

ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟದಿಂದ ನಡೆದುಹೋಗುವಷ್ಟು ದೂರದಲ್ಲಿ ನಮ್ಮೂರು. ಊರಿನ ಎಲ್ಲ ಮನೆಗಳ ಹಾಗೆ ನಮ್ಮ ಮನೆಯಲ್ಲೂ ಕೆಳಗೆ ನಾವು, ಮೇಲೆ ಅಟ್ಟದಲ್ಲಿ ತೆಂಗಿನಕಾಯಿ. ನಮಗಿಂತ ಅವಕ್ಕೇ ಮರ್ಯಾದೆ ಹೆಚ್ಚು. ತೋಟದಿಂದ ಬಂದ ಕಾಯಿ ವರ್ಷದ ಹತ್ತಿರ ಹತ್ತಿರ ಅಟ್ಟದ ಮೇಲೆ ಕೂತು, ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಕೊಬ್ಬರಿಯಾಗಬೇಕು. ಆಗಿದೆಯೋ ಇಲ್ಲವೋ ಎಂದು ಒಡೆದು ನೋಡುವ ಹಾಗಿಲ್ಲ. ಒಡೆದರೆ ಅದರ ಕಥೆ ಅಲ್ಲಿಗೆ ಮುಗಿಯಿತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಸದ್ದಿನಲ್ಲೇ ತಿಳಿದುಕೊಳ್ಳಬೇಕು. ನಮ್ಮ ಯಜಮಾನರು ಈ ವಿದ್ಯೆಯಲ್ಲಿ ಪಳಗಿದವರು. ಆದರೂ ಆಗೊಮ್ಮೆ ಈಗೊಮ್ಮೆ ತಪ್ಪುತ್ತಿದ್ದರು. ರತ್ನ ತಪ್ಪುತ್ತಿರಲಿಲ್ಲ.

ಅವಳದೊಂದು ಭಂಗಿಯಿತ್ತು. ಕಾಯಿಯನ್ನು ಎರಡೂ ಅಂಗೈಯಲ್ಲಿ ಹಿಡಿದು, ಬಲಗಿವಿಗೆ ಒತ್ತಿ, ಅರ್ಧ ಕಣ್ಣು ಮುಚ್ಚಿ, ಮೆಲ್ಲಗೆ ಅಲ್ಲಾಡಿಸುವಳು. ಆಮೇಲೆ ನ್ಯಾಯಾಧೀಶರ ಹಾಗೆ ತೀರ್ಪು. "ಆಗೈತೆ." ಇಲ್ಲವೇ, "ಇನ್ನೂ ನೀರೈತೆ, ಮ್ಯಾಲೇ ಇರ್ಲಿ." ಇಲ್ಲವೇ ಮೂಗು ಮುರಿದು, "ಕೆಟ್ಟೈತೆ." ಅಷ್ಟೇ. ಅಕ್ಕಪಕ್ಕದ ಊರಿನವರೂ ಅಟ್ಟ ಇಳಿಸುವ ಕಾಲಕ್ಕೆ ಅವಳನ್ನು ಕರೆದುಕೊಂಡು ಹೋಗಿ, ಬೆಲ್ಲ ಕೊಟ್ಟು ಕಾಯಿ ಕೇಳಿಸುತ್ತಿದ್ದರು. ಬರೀ ಕಾಯಿಯಲ್ಲ, ಲೆಕ್ಕದಲ್ಲೂ ಅವಳದು ಹಾಗೇ ಕೈ. ಮೇಷ್ಟ್ರು ಬೋರ್ಡಿನ ಮೇಲೆ ಬರೆದು ಮುಗಿಸುವಷ್ಟರಲ್ಲಿ ಉತ್ತರ ಹೇಳಿಬಿಡುತ್ತಿದ್ದಳು. ಮೇಷ್ಟ್ರಿಗೆ ಅದು ಅಷ್ಟಾಗಿ ಹಿಡಿಸುತ್ತಿರಲಿಲ್ಲ.

ರತ್ನ ಐದನೇ ತರಗತಿಯಲ್ಲಿದ್ದಾಗ ಸುದ್ದಿ ಬಂತು. ಹಳ್ಳಿಯ ಜಾಣ ಮಕ್ಕಳಿಗಾಗಿ ಸರ್ಕಾರ ಹೊಸದೊಂದು ಶಾಲೆ ತೆರೆಯುತ್ತದಂತೆ. ಊಟ, ವಸತಿ, ಪುಸ್ತಕ ಎಲ್ಲ ಅಲ್ಲೇ, ಕಾಲೇಜಿನ ಬಾಗಿಲವರೆಗೂ ಅವರೇ ಓದಿಸುತ್ತಾರಂತೆ. ಆ ಸುದ್ದಿ ಕೇಳಿದ ದಿನ ನನ್ನ ಸಾರಿನಲ್ಲಿ ಉಪ್ಪಿರಲಿಲ್ಲ.

ಕಾರಣವಿತ್ತು. ನಮ್ಮೂರ ಶಾಲೆ ಏಳನೇ ತರಗತಿಗೆ ಮುಗಿಯುತ್ತದೆ. ಅದರ ಜೊತೆಗೆ ಹೆಣ್ಣುಮಕ್ಕಳ ಓದೂ ಮುಗಿಯುತ್ತದೆ. ನಾನು ನನ್ನ ತವರಿನ ಶಾಲೆಯಲ್ಲಿ ಏಳನೇ ತರಗತಿಗೆ ಮೊದಲನೆಯವಳಾಗಿ ಬಂದವಳು. ಬಹುಮಾನವಾಗಿ ಒಂದು ಸ್ಟೀಲ್ ಲೋಟ ಕೊಟ್ಟರು, ಮಾರನೆಯ ದಿನದಿಂದ ಸೌದೆ ಒಲೆಯ ಮುಂದೆ ಕೂರಿಸಿದರು. ಲೋಟ ಇನ್ನೂ ಇದೆ, ಎಮ್ಮೆಗೆ ಹಿಂಡಿ ಅಳೆಯುವುದಕ್ಕೆ ಬಳಸುತ್ತೇವೆ. ರತ್ನಳಿಗೂ ಇನ್ನೊಂದು ಲೋಟ ಬರುತ್ತದೆ ಎನ್ನುವ ಭಯ ನನಗೆ. ಈ ಶಾಲೆಯಲ್ಲಿ ಸೀಟು ಸಿಕ್ಕಿದರೆ ಉಳಿದಳು, ಇಲ್ಲದಿದ್ದರೆ ಅಷ್ಟೇ. ಇದನ್ನು ನಮ್ಮ ಯಜಮಾನರಿಗೆ ಬಿಡಿಸಿ ಹೇಳಿದೆ. ಅವರು ಬಹಳ ಹೊತ್ತು ಎಲೆ ಅಡಿಕೆ ಅಗಿದು, "ಬರ್ಸು ಪರೀಕ್ಷೆ. ಆದ್ರೆ ಅವಸರ ಮಾಡ್ಬ್ಯಾಡ ಕಣೇ, ನಿನ್ನ ಕೈ ಸ್ವಲ್ಪ ಜೋರು," ಅಂದರು. ಆ ಮಾತಿನ ಮೊದಲರ್ಧವನ್ನು ಮಾತ್ರ ನಾನು ಕೇಳಿಸಿಕೊಂಡೆ.

ಶಿಕ್ಷಣ ಅಡುಗೆಮನೆಯಿಂದ ಶುರುವಾಯಿತು. ಒಂದೆಲಗ ತಿಂದರೆ ಜ್ಞಾಪಕಶಕ್ತಿ ಬೆಳೆಯುತ್ತದೆ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನಾಲೆಯ ಬದಿಯಲ್ಲಿ ಬೆಳೆದಿದ್ದ ಒಂದೆಲಗವನ್ನೆಲ್ಲ ಕಿತ್ತು ತಂದೆ. ಬೆಳಿಗ್ಗೆ ಚಟ್ನಿ, ಮಧ್ಯಾಹ್ನ ತಂಬುಳಿ, ರಾತ್ರಿ ಪಲ್ಯ. ಮಗುವಿಗೊಂದು ದೊಡ್ಡವರಿಗೊಂದು ಅಡುಗೆ ಮಾಡಲು ಪುರುಸೊತ್ತಿಲ್ಲದ್ದರಿಂದ ಮನೆಮಂದಿಯೆಲ್ಲ ತಿಂದೆವು. ರತ್ನ ಮೊದಲಿನಷ್ಟೇ ಜಾಣೆಯಾಗಿ ಉಳಿದಳು. ಕೆಲಸ ಮಾಡಿದ್ದು ಯಜಮಾನರ ಮೇಲೆ. ಒಂದು ದಿನ ಊಟದ ನಡುವೆ ತಟ್ಟೆ ಪಕ್ಕಕ್ಕೆ ಸರಿಸಿ, "ನಮ್ಮ ಮದುವೆ ದಿನ ನಿಮ್ಮಪ್ಪ ನಂಗೆ ಏನೇನಂದ್ರು ಅಂತ ಒಂದೊಂದೇ ಗ್ಯಾಪ್ಕಕ್ಕೆ ಬತ್ತಾ ಐತೆ. ಇನ್ನು ಸಾಕು ಮಾಡು," ಅಂದರು. ನಾನು ಸಾಕು ಮಾಡಿದೆ.

ಬರವಣಿಗೆಯ ಪರೀಕ್ಷೆ ತುರುವೇಕೆರೆಯಲ್ಲಿ ನಡೆಯಿತು. ರತ್ನ ಎಲ್ಲರಿಗಿಂತ ಮೊದಲು ಬರೆದು ಮುಗಿಸಿ, ಕಿಟಕಿಯಾಚೆ ಇದ್ದ ತೆಂಗಿನಮರದ ಗೊನೆ ನೋಡುತ್ತಾ ಕೂತಿದ್ದಳಂತೆ. ಪಾಸಾದಳು! ಊರಿಗೆಲ್ಲ ಸಕ್ಕರೆ ಹಂಚಿದೆ. ನಾನು ಅಲ್ಲಿಗೆ ನಿಲ್ಲಿಸಿದ್ದರೆ ಈ ಬರಹಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಆದರೆ ಇನ್ನೊಂದು ಹಂತವಿತ್ತು: ತುಮಕೂರಿನಲ್ಲಿ ಸಂದರ್ಶನ. ಮಗುವಿಗೆ ವಿಶೇಷ ಪ್ರತಿಭೆಯೇನಾದರೂ ಇದ್ದಲ್ಲಿ ಅಲ್ಲಿ ಪ್ರದರ್ಶಿಸಬಹುದು ಎಂದು ಮೇಷ್ಟ್ರು ಹೇಳಿ ಕಳಿಸಿದರು. ಗಮನಿಸಿ, ಪ್ರದರ್ಶಿಸಬಹುದು ಅಂದಿದ್ದರು. ಪ್ರದರ್ಶಿಸಲೇಬೇಕು ಎಂದು ನಾನು ತಿಳಿದುಕೊಂಡದ್ದು ನನ್ನ ಸ್ವಂತ ಪ್ರತಿಭೆ.

ಮೊದಲು ವಚನ ಹಾಡಿಸಿ ನೋಡಿದೆ. ರತ್ನ ಎರಡು ಸಾಲು ಹಾಡುವಷ್ಟರಲ್ಲಿ ಪಕ್ಕದ ಮನೆಯ ರುದ್ರಮ್ಮ ಬೇಲಿಯ ಹತ್ತಿರ ಬಂದು, ಮಗೀಗೆ ಏನಾದರೂ ಕಚ್ಚಿತಾ ಎಂದು ವಿಚಾರಿಸಿದಳು. ಕೋಲಾಟ ಕಲಿಸೋಣವೆಂದರೆ ಮೊದಲ ದಿನವೇ ಲಾಟೀನಿನ ಗಾಜು ಹೋಯಿತು. ಉಳಿದದ್ದು ಕಾಯಿ ಕೇಳುವ ವಿದ್ಯೆ. ಹೌದಲ್ಲ! ಇಡೀ ತುಮಕೂರಿನಲ್ಲಿ ಯಾವ ಅಧಿಕಾರಿಯ ಮಗುವಿಗೆ ಇದು ಬರುತ್ತದೆ? ಯಜಮಾನರ ಮುಖ ಸಪ್ಪಗಾಯಿತು. ಅದು ಕಸುಬು, ಆಟವಲ್ಲ, ಆಫೀಸಿನ ಒಳಗೆ ಕಾಯಿ ಯಾಕೆ, ಕೇಳಿದ್ದಕ್ಕೆ ಮಗು ಉತ್ತರ ಹೇಳಿಕೊಂಡು ಬರಲಿ ಎಂದು ಅವರಿಗೆ ಸಾಧ್ಯವಾದಷ್ಟು ವಿವರವಾಗಿ ಹೇಳಿದರು. ನಿಮಗೆ ಮಗಳು ಮುಂದೆ ಬರುವುದು ಬೇಡವೇನೋ ಅಂದೆ. ಅವರು ಎದ್ದು ತೋಟಕ್ಕೆ ಹೋದರು.

ಜೊತೆಗೆ ಭಾಷೆಯನ್ನೂ ತಿದ್ದಿದೆ. ಅಧಿಕಾರಿಗಳ ಮುಂದೆ ಐತೆ ಅನ್ನಬಾರದು, ಇದೆ ಅನ್ನಬೇಕು. ಬ್ಯಾಡ ಅನ್ನಲೇಬಾರದು. ಅವರು ಹೇಳಿದ್ದಕ್ಕೆಲ್ಲ ಆಗಲಿ ಸಾರ್ ಎನ್ನಬೇಕು, ಎದುರು ಮಾತಾಡಬಾರದು. ಮಗು ಎಲ್ಲಕ್ಕೂ ತಲೆಯಾಡಿಸಿತು. ಆಮೇಲೆ ಮಾತಾಡುವುದನ್ನೇ ಕಡಿಮೆ ಮಾಡಿತು.

ಇನ್ನು ಕಾಯಿಗಳ ಆಯ್ಕೆ. ಬರೀ ಒಳ್ಳೆಯ ಕಾಯಿ ಕೊಂಡೊಯ್ದರೆ ಅದು ಪರೀಕ್ಷೆ ಹೇಗಾಗುತ್ತದೆ? ನಾನು ನ್ಯಾಯವಾಗಿ ನಡೆದುಕೊಳ್ಳುವ ಹೆಂಗಸು. ಚೆನ್ನಾಗಿ ಕೊಬ್ಬರಿಯಾದವು ಮೂರು, ಇನ್ನೂ ನೀರಿದ್ದದ್ದು ಒಂದು, ಒಳಗೇ ಕೊಳೆತು ತಿಪ್ಪೆಗೆ ಹಾಕಲು ರತ್ನಳೇ ಬೇರೆ ತೆಗೆದಿಟ್ಟದ್ದು ಒಂದು. ಐದನ್ನೂ ಸುಲಿದು, ಜುಟ್ಟು ಬಿಟ್ಟು, ತೊಳೆದು ಇಟ್ಟೆ. ನೋಡುವುದಕ್ಕೆ ಐದೂ ಒಂದೇ ತಾಯಿಯ ಮಕ್ಕಳ ಹಾಗಿದ್ದವು. ನನಗೇ ಗೊಂದಲವಾಗಬಾರದಲ್ಲ, ಕೊಳೆತ ಕಾಯಿಯ ಮೇಲೆ ಮಾತ್ರ ದೇವರ ಗೂಡಿನ ವಿಭೂತಿಯಿಂದ ಮೂರು ಬೆರಳೆಳೆದೆ. ಅದನ್ನು ಸಂದರ್ಶನದ ಅಧಿಕಾರಿಗಳಿಗೆ ಅಲ್ಲಾಡಿಸಲು ಮಾತ್ರ ಕೊಡುವುದು, ಒಡೆದು ತೋರಿಸುವುದೇನಿದ್ದರೂ ಉಳಿದವನ್ನು. ಎಂಥ ಮುಂದಾಲೋಚನೆ ನೋಡಿ!

ಬೆಳಗಿನ ಬಸ್ಸಿನಲ್ಲಿ ಹೊರಟೆವು. ಯಜಮಾನರು ಬಿಳಿ ಪಂಚೆ, ಹೆಗಲ ಮೇಲೆ ಮಡಿಕೆ ಮುರಿಯದ ಟವೆಲು. ರತ್ನಳ ಎರಡು ಜಡೆಗೂ ಕೆಂಪು ಟೇಪು. ಬಿರುಬೇಸಿಗೆ, ಬಸ್ಸು ಕಿಕ್ಕಿರಿದಿತ್ತು. ಚೀಲಕ್ಕೆ ಜಾಗ ಸಿಕ್ಕಿದ್ದು ಡ್ರೈವರನ ಪಕ್ಕದಲ್ಲಿ ಇಂಜಿನ್ನಿನ ಮುಚ್ಚಳದ ಮೇಲೆ. ಅದು ಕಾದ ಹೆಂಚಿನಂತೆ ಸುಡುತ್ತಿತ್ತು. ರತ್ನ ಚೀಲವನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿ, ಏನೋ ಹೇಳಲು ಬಾಯಿ ತೆರೆದಳು. ಎಲ್ಲಿ ಐತೆ ಅಂದುಬಿಡುತ್ತಾಳೋ ಎಂದು ನಾನು ದೊಡ್ಡ ಕಣ್ಣು ಬಿಟ್ಟೆ. ಬಾಯಿ ಮುಚ್ಚಿಕೊಂಡಳು.

ಅಮ್ಮಸಂದ್ರ ದಾಟುತ್ತಲೇ ಬಸ್ಸು ಗುಂಡಿಗಿಳಿದು ಎಗರಿತು. ಚೀಲದ ಬಾಯಿ ಬಿಚ್ಚಿಕೊಂಡು ಕಾಯಿಗಳು ಸೀಟುಗಳ ಕೆಳಗೆ ಉರುಳುತ್ತಾ ಹಿಂದಿನ ಬಾಗಿಲವರೆಗೂ ಹೋದವು. ನಮ್ಮ ಸೀಮೆಯ ಜನ ಮತ್ತೇನನ್ನು ಕಳೆದರೂ ಕಾಯಿ ಕಳೆಯುವವರಲ್ಲ. ಕೈಯಿಂದ ಕೈಗೆ ದಾಟಿಸಿ ಮುಂದೆ ಕಳಿಸಿದರು. ನಡುವೆ ಒಬ್ಬ ಹಿರಿಯರು ಕೂತಿದ್ದರು, ಹಣೆ ತುಂಬ ವಿಭೂತಿ. ಅವರ ಕೈಗೆ ಮೊದಲು ಬಂದದ್ದು ನನ್ನ ಗುರುತಿನ ಕಾಯಿ. ವಿಭೂತಿ ಕಂಡು ಭಕ್ತಿಯಿಂದ ಕಣ್ಣಿಗೊತ್ತಿಕೊಂಡರು. ದೇವರಿಗೆ ಹೊರಟ ಕಾಯಿಗಳಿವು, ಒಂದಕ್ಕೆ ಇಟ್ಟು ಉಳಿದವಕ್ಕೆ ಇಡದೆ ಬಿಟ್ಟಿದ್ದಾರಲ್ಲ, ಈ ಕಾಲದ ಹೆಂಗಸರಿಗೆ ಎಲ್ಲದಕ್ಕೂ ಆತುರ ಎಂದು ಅವರಿಗೆ ಅನ್ನಿಸಿರಬೇಕು. ಸೊಂಟದ ಚೀಲದಿಂದ ತಮ್ಮದೇ ವಿಭೂತಿ ಗಟ್ಟಿ ತೆಗೆದು, ಐದಕ್ಕೂ ಒಂದೇ ಅಳತೆಯಲ್ಲಿ ಮೂರು ಮೂರು ಬೆರಳೆಳೆದು, ಮಡಿಲಲ್ಲಿ ಸಾಲಾಗಿಟ್ಟುಕೊಂಡಿದ್ದರು. ನಾನು ಅವರ ಹತ್ತಿರ ಹೋಗುವಷ್ಟರಲ್ಲಿ ಕೈಂಕರ್ಯ ಮುಗಿದಿತ್ತು.

"ನೀನು ಮರ್ತಿದ್ದೆ ಕಣವ್ವ, ನಾನು ಎಲ್ಲಾದ್ಕೂ ಇಟ್ಟೀನಿ. ಭೇದ ಮಾಡ್ಬಾರ್ದು," ಅಂದರು.

ಕೈಮುಗಿದು ತೆಗೆದುಕೊಂಡೆ. ಐದು ಕಾಯಿ ಐದು ಶರಣರ ಹಾಗೆ ನನ್ನ ಕಡೆ ನೋಡುತ್ತಿದ್ದವು. ಯಾವುದು ಕೊಳೆತದ್ದು ಎಂದು ಈಗ ಆ ಬಸ್ಸಿನಲ್ಲಿ ಹೇಳಬಲ್ಲವಳು ರತ್ನ ಒಬ್ಬಳೇ. ಕೇಳಬಹುದಿತ್ತು. ಆದರೆ ಪರೀಕ್ಷೆಗೆ ಮೊದಲೇ ಮಗುವಿಗೆ ಉತ್ತರ ಹೇಳಿಸುವುದು ಮೋಸವಲ್ಲವೇ? ಮೊದಲೇ ಹೇಳಿದೆನಲ್ಲ, ನಾನು ನ್ಯಾಯವಾಗಿ ನಡೆದುಕೊಳ್ಳುವವಳು. ಚೀಲವನ್ನು ಮತ್ತೆ ಇಂಜಿನ್ನಿನ ಮೇಲೇ ಇಟ್ಟೆ.

ತುಮಕೂರಿನ ಆ ಕಟ್ಟಡದ ಹಜಾರದಲ್ಲಿ ಪ್ರತಿಭೆಗಳು ಬೆಂಚುಗಳ ಮೇಲೆ ಕೂತಿದ್ದವು. ಒಬ್ಬ ಹುಡುಗನ ಕೈಯಲ್ಲಿ ಪಿಟೀಲು, ಇನ್ನೊಬ್ಬಳ ಕಾಲಲ್ಲಿ ಗೆಜ್ಜೆ. ನಮ್ಮ ಚೀಲ ನೋಡಿ ಪಿಟೀಲಿನ ಹುಡುಗನ ತಾಯಿ ಸೀರೆ ಸರಿಸಿಕೊಂಡು ಕೂತಳು. ನೋಡುತ್ತಿರು ತಾಯಿ, ಅಂದುಕೊಂಡೆ.

ಒಳಗೆ ಮೇಜಿನ ಹಿಂದೆ ಮೂವರಿದ್ದರು. ನಡುವೆ ಕೆನೆ ಬಣ್ಣದ ಸಫಾರಿ ಸೂಟಿನ ಹಿರಿಯ ಅಧಿಕಾರಿ. ಒಂದು ಬದಿಗೆ ಗಂಜಿ ಹಾಕಿದ ಕಾಟನ್ ಸೀರೆಯ ಮೇಡಂ. ಇನ್ನೊಂದು ಬದಿಗೆ ಬರೆದುಕೊಳ್ಳುವುದನ್ನು ಬಿಟ್ಟು ಬೇರೇನೂ ಮಾಡದ ಒಬ್ಬರು. ತಲೆಯ ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ಆ ಫ್ಯಾನನ್ನು ನೆನಪಿಟ್ಟುಕೊಳ್ಳಿ.

ಕೇಳಿದ ಲೆಕ್ಕಕ್ಕೆಲ್ಲ ರತ್ನ ತಟ್ಟನೆ ಉತ್ತರ ಹೇಳಿದಳು. ಸಫಾರಿ ಸೂಟಿನವರು ಮೇಡಂ ಕಡೆ ನೋಡಿ ಹುಬ್ಬೇರಿಸಿದರು. ಸರಿಯಮ್ಮ, ಕರೆದುಕೊಂಡು ಹೋಗಬಹುದು ಎಂದೂ ಅಂದರು. ಅಂದರೆ ಸೀಟು ಮುಕ್ಕಾಲು ಪಾಲು ಕೈಯಲ್ಲಿತ್ತು! ಯಜಮಾನರು ಕೈಮುಗಿದು ಬಾಗಿಲ ಕಡೆ ತಿರುಗಿಯೂ ಆಗಿತ್ತು. ಆಗ ನಾನು ಚೀಲದ ಬಾಯಿ ಬಿಚ್ಚಿದೆ.

ಅಧಿಕಾರಿಗಳಿಗೆ ಕುತೂಹಲವಾಯಿತು, ಪಾಪ. ನಾನು ವಿದ್ಯೆಯ ಮಹತ್ವವನ್ನು ವಿವರಿಸುತ್ತಿದ್ದ ಹಾಗೆ ರತ್ನ ಒಂದೊಂದೇ ಕಾಯಿ ಕಿವಿಗೆ ಹಿಡಿದಳು. ಮೊದಲ ಮೂರಕ್ಕೆ ಆಗಿದೆ, ಆಗಿದೆ, ನೀರು ಇದೆ ಎಂದು ಶುದ್ಧ ಕನ್ನಡದಲ್ಲಿ ತೀರ್ಪು ಕೊಟ್ಟಳು. ನನ್ನ ಎದೆ ಉಬ್ಬಿತು. ನಾಲ್ಕನೆಯದನ್ನು ಎತ್ತಿ ಕಿವಿಯ ಹತ್ತಿರ ತಂದವಳು ತಟಕ್ಕನೆ ದೂರ ಹಿಡಿದಳು. "ಇದು ಕೆಟ್ಟೈತೆ," ಅಂದಳು.

ನನಗೆ ಕೇಳಿಸಿದ್ದು ಐತೆ ಮಾತ್ರ. ಮುಖ ಬೆಂಕಿಯಾಯಿತು. ಸಫಾರಿ ಸೂಟಿನವರು ನಕ್ಕು, ಅಷ್ಟು ಖಂಡಿತವಾಗಿ ಹೇಳುತ್ತೀಯಲ್ಲ, ಒಡೆದೇ ನೋಡೋಣ ಎಂದು ಕಾಯಿಯನ್ನು ಕೈಗೆ ತೆಗೆದುಕೊಂಡರು.

"ಬ್ಯಾಡಿ ಸಾ. ಒಳಗೆ ಒಡೀಬ್ಯಾಡಿ, ತಿಪ್ಪೆ ತಾವ ಒಡೀಬೇಕು," ಅಂದಳು ರತ್ನ.

ಐತೆ, ಬ್ಯಾಡಿ, ತಾವ, ಮೇಲೆ ತಿಪ್ಪೆ ಬೇರೆ! ಅಷ್ಟು ದಿನದ ನನ್ನ ಶ್ರಮ ಒಂದೇ ಉಸಿರಿನಲ್ಲಿ ನೀರುಪಾಲಾಗಿತ್ತು. "ಸುಮ್ನಿರೇ, ದೊಡ್ಡೋರ ಮುಂದೆ ಎದುರು ಮಾತಾಡ್ತೀಯಾ," ಎಂದು ಗದರಿದೆ. ಆಮೇಲೆ ಅಧಿಕಾರಿಗಳತ್ತ ತಿರುಗಿ, "ಒಡೀರಿ ಸಾರ್. ನಮ್ಮ ಹುಡುಗಿ ಹೇಳಿದ್ದು ಎಂದೂ ತಪ್ಪಾಗಿಲ್ಲ," ಅಂದೆ.

ಈ ಎರಡು ಮಾತನ್ನು ಒಟ್ಟಿಗೆ ಆಡಬಲ್ಲ ತಾಯಿ ಜಿಲ್ಲೆಯಲ್ಲಿ ಇನ್ನೊಬ್ಬಳಿದ್ದರೆ ನನಗೆ ತೋರಿಸಿ.

ರತ್ನ ಗೋಡೆಯವರೆಗೂ ಹಿಂದಕ್ಕೆ ಸರಿದು, ಲಂಗದ ಅಂಚಿನಿಂದ ಮೂಗು ಮುಚ್ಚಿಕೊಂಡಳು. ಯಜಮಾನರು ಟವೆಲಿನಿಂದ ಮೂಗು ಮುಚ್ಚಿಕೊಂಡರು. ಈ ಸೂಚನೆಗಳ ಅರ್ಥ ನನಗೆ ಹೊಳೆಯುವುದಕ್ಕೂ ಸಫಾರಿ ಸೂಟಿನವರು ಕಾಯಿಯನ್ನು ಕಬ್ಬಿಣದ ಮೇಜಿನ ಅಂಚಿಗೆ ಕುಟ್ಟುವುದಕ್ಕೂ ಸರಿಹೋಯಿತು.

ಅದು ಒಡೆಯಲಿಲ್ಲ, ಸಿಡಿಯಿತು. ಊರಿನಿಂದ ಇಂಜಿನ್ನಿನ ಮೇಲೆ ಕುದಿಯುತ್ತಾ ಬಂದದ್ದು ಒಮ್ಮೆಲೇ ಹೊರಗೆ ಬಂತು. ಕೆನೆ ಬಣ್ಣದ ಸೂಟು ಯಾವ ಬಣ್ಣಕ್ಕೆ ತಿರುಗಿತು ಎಂದು ಇಲ್ಲಿ ಬರೆಯುವುದು ಸಭ್ಯತೆಯಲ್ಲ. ಮೇಜಿನ ಮೇಲಿದ್ದ ಕಾಗದಗಳೆಲ್ಲ ತೊಯ್ದವು. ಬರೆದುಕೊಳ್ಳುತ್ತಿದ್ದವರು ಬರೆಯುವುದನ್ನು ನಿಲ್ಲಿಸಿದರು. ಮಿಕ್ಕ ಕೆಲಸವನ್ನು ಫ್ಯಾನು ಮಾಡಿತು. ಆ ವಾಸನೆಯನ್ನು ವರ್ಣಿಸುವ ಶಕ್ತಿ ನನಗಿಲ್ಲ. ಕೊಳೆತ ಕಾಯಿ ಒಡೆದವರಿಗೆ ಗೊತ್ತು, ಒಡೆಯದವರು ಸುಖವಾಗಿರಲಿ. ಅಧಿಕಾರಿಗಳು ಓಡಿದರು. ಹಜಾರದಲ್ಲಿದ್ದ ತಾಯಂದಿರು ಓಡಿದರು. ಪಿಟೀಲಿನ ಹುಡುಗ ಪಿಟೀಲು ಬಿಟ್ಟು ಓಡಿದ. ಕೋಣೆಯಲ್ಲಿ ಉಳಿದದ್ದು ನಾವು ಮೂವರು.

ರತ್ನ ಲಂಗದೊಳಗಿಂದಲೇ ಮೆಲ್ಲಗೆ, "ನಾ ಹೇಳ್ದೆ," ಅಂದಳು.

ಉಳಿದ ಸಂದರ್ಶನ ಹೊರಗೆ ಬೇವಿನ ಮರದ ಕೆಳಗೆ ನಡೆಯಿತು. ಸಫಾರಿ ಸೂಟಿನವರು ನಲ್ಲಿಯ ಹತ್ತಿರ ಹೋದವರು ತಿರುಗಿ ಬರಲಿಲ್ಲ. ನಾನು ಕ್ಷಮೆ ಕೇಳಲು ಹೋದರೆ ಜವಾನ ದೂರದಿಂದಲೇ ಕೈಯಾಡಿಸಿ ತಡೆದ. ಮೇಡಂ ಮಾತ್ರ ರತ್ನಳನ್ನು ಹತ್ತಿರ ಕರೆದು, ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಒಂದು ಪ್ರಶ್ನೆ ಕೇಳಿದರು: ನಿನಗೆ ಈ ಶಾಲೆಗೆ ಬರೋಕೆ ಇಷ್ಟ ಇದೆಯಾ ಮಗು?

ರತ್ನ ನನ್ನ ಕಡೆ ನೋಡಿದಳು. ಈ ಸಲ ನಾನು ಕಣ್ಣು ಬಿಡಲಿಲ್ಲ. ಬಿಡುವಷ್ಟು ಶಕ್ತಿಯಿರಲಿಲ್ಲ.

"ಇಷ್ಟ ಐತೆ. ಆದ್ರೆ ನಮ್ಮಮ್ಮನ್ನೂ ಸೇರಿಸ್ಕಳ್ಳಿ ಮೇಡಂ. ಅವಳ್ನ ಏಳನೇ ಕ್ಲಾಸಿಗೇ ಬುಡ್ಸಿಬುಟ್ರಂತೆ. ನಾನು ಓದೋವಾಗ ಒಲೆ ಮುಂದೆ ಕೂತ್ಕಂಡು ಅವಳೂ ಓದ್ತಾಳೆ," ಅಂದಳು.

ಮೇಡಂ ಕರವಸ್ತ್ರ ಕೆಳಗಿಳಿಸಿ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಇಡೀ ದಿನದಲ್ಲಿ ಅಷ್ಟು ನಾಚಿಕೆಯಾದದ್ದು ಆಗ ಒಂದೇ ಸಲ. ಅದಕ್ಕೂ ಕೊಳೆತ ಕಾಯಿಗೂ ಸಂಬಂಧವಿರಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ನಮ್ಮ ಅಕ್ಕಪಕ್ಕದ ಸೀಟುಗಳು ಖಾಲಿಯಿದ್ದವು. ಬೇರೆಯವರು ನಿಂತುಕೊಂಡೇ ಬಂದರು.

ಸ್ವಲ್ಪ ದಿನಕ್ಕೆ ತುರುವೇಕೆರೆಯಲ್ಲಿ ಆಯ್ಕೆಯಾದವರ ಹೆಸರು ಅಂಟಿಸಿದ್ದಾರೆಂದು ತಿಳಿಯಿತು. ಯಜಮಾನರು ಹೋಗಿ ನೋಡಿಕೊಂಡು ಬಂದರು. ಪಿಟೀಲಿನ ಹುಡುಗನ ಹೆಸರಿತ್ತಂತೆ. ರತ್ನಳದಿರಲಿಲ್ಲ. ಅವರು ಕೈಕಾಲು ತೊಳೆದುಕೊಂಡು ಜಗಲಿಯ ಮೇಲೆ ಕೂತರು. ಒಂದು ಮಾತು ಬೈದಿದ್ದರೆ ನಾನೂ ನಾಲ್ಕು ಮಾತು ಬೈದು ಹಗುರವಾಗುತ್ತಿದ್ದೆ. ಅದಕ್ಕೂ ಅವಕಾಶ ಕೊಡಲಿಲ್ಲ.

ನಾನು ಅಟ್ಟದ ಏಣಿಯ ಕೆಳಮೆಟ್ಟಿಲ ಮೇಲೆ ಕೂತು ಅತ್ತೆ. ಮೂರು ಕಾಸಿನ ಅಳು ಅಲ್ಲ. ಏಳನೇ ತರಗತಿಯಿಂದ ಕೂಡಿಟ್ಟದ್ದು ಅಷ್ಟೂ ಬಂತು. ಕೈಗೆ ಬಂದಿದ್ದ ಸೀಟನ್ನು ನಾನೇ ಮೇಜಿಗೆ ಕುಟ್ಟಿ ಒಡೆದಿದ್ದೆ. ಗೊತ್ತಿದ್ದ ಒಬ್ಬಳು ಬೇಡ ಅಂದಳು, ಅವಳ ಬಾಯನ್ನೂ ನಾನೇ ಮುಚ್ಚಿಸಿದ್ದೆ. ಇನ್ನು ಎರಡು ವರ್ಷಕ್ಕೆ ರತ್ನಳಿಗೂ ಸ್ಟೀಲ್ ಲೋಟ ಬರುತ್ತದೆ ಎಂದುಕೊಂಡು ಇನ್ನಷ್ಟು ಅತ್ತೆ.

ರತ್ನ ಯಾವಾಗ ಬಂದಳೋ ಗೊತ್ತಾಗಲಿಲ್ಲ. ಏಣಿಯ ಎರಡು ಮೆಟ್ಟಿಲು ಹತ್ತಿ ನನ್ನ ಹಿಂದೆ ನಿಂತಿದ್ದಳು. ನನ್ನ ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡಳು. ಸಮಾಧಾನ ಮಾಡುತ್ತಾಳೆ ಎಂದು ನಾನು ಸುಮ್ಮನಿದ್ದೆ. ಅವಳು ಬಲಗಿವಿಯನ್ನು ನನ್ನ ನೆತ್ತಿಗೆ ಒತ್ತಿ, ಮೆಲ್ಲಗೆ ಅಲ್ಲಾಡಿಸಿದಳು. ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಮತ್ತೊಮ್ಮೆ ಅಲ್ಲಾಡಿಸಿದಳು.

ಆಮೇಲೆ ಜಗಲಿಯ ಕಡೆ ತಿರುಗಿ ಕೂಗಿ ಹೇಳಿದಳು. "ಅಪ್ಪಾ, ಇದಿನ್ನೂ ಆಗಿಲ್ಲ ಕಣಪ್ಪ. ನೀರೈತೆ, ಮ್ಯಾಲೇ ಇರ್ಲಿ."

ಜಗಲಿಯ ಮೇಲೆ ಯಜಮಾನರು ನಕ್ಕದ್ದು ಕೇಳಿಸಿತು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡು ಮೇಲೆ ಅಟ್ಟದ ಕಡೆ ನೋಡಿದೆ, ಜಾಗವೇನೋ ಇತ್ತು. ಅವಳ ತೀರ್ಪಿನ ಮೇಲೆ ನಮ್ಮ ಮನೆಯಲ್ಲಿ ಅಪೀಲು ಇಲ್ಲ.